ಹುಲಿಯ ಪಾತ್ರ

ಸಾವಿರ ವರ್ಷ ಅಂದರೆ ಎಷ್ಟು ಸಾರ್?
ಮುಂದಿನ ಸಾಲಿನ ತನ್ವಿತ ಕೇಳುತ್ತಾಳೆ.
ನಿಮ್ಮಜ್ಜಿಯ ಅಜ್ಜಿಗಿಂತ ಹಿಂದೆ, ಅನ್ನುತ್ತೇನೆ.
ನಮ್ಮಜ್ಜಿಗೆ ಅಜ್ಜಿಯೇ ಇರಲಿಲ್ಲವಂತೆ, ಅನ್ನುತ್ತಾಳೆ.
ಅಲ್ಲಿಗೆ ಸಾವಿರ ವರ್ಷ ಮುಗಿಯಿತು.

ಆಲ್ದೂರಿನಾಚೆ ಬಸ್ಸಿಳಿದು ಎರಡು ಮೈಲಿ ನಡೆದರೆ ನಮ್ಮ ಶಾಲೆ.
ನಾಲ್ಕು, ಐದು ಒಂದೇ ಕೋಣೆ.
ಹದಿನೇಳು ತಲೆ,
ಅದರಲ್ಲಿ ಒಂಬತ್ತು ಎಸ್ಟೇಟಿನ ಲೈನಿನವು.
ಕಡೂರಿನ ಬಯಲಿಂದ ಬಂದವನು ನಾನು.
ಇಂಬಳಕ್ಕೆ ನೆತ್ತರು, ಸಂಬಳಕ್ಕೆ ಪಾಠ, ಹನ್ನೊಂದು ವರ್ಷ.
ಪ್ರತಿ ಡಿಸೆಂಬರಿಗೂ ಇದೇ ಪಾಠ, ಇದೇ ನಾಟಕ:
ಒಬ್ಬ ಗುರು, ಒಬ್ಬ ಸಳ, ಒಂದು ಹುಲಿ.

ಗುರುವಿನ ಗಡ್ಡಕ್ಕೆ ನನ್ನ ಮಫ್ಲರು.
ಸಳನಾಗಲು ಹನ್ನೆರಡು ಕೈ ಮೇಲೆ.
ಹುಲಿಗೆ ಒಂದೂ ಇಲ್ಲ.
ಹೋದ ವರ್ಷ ಹುಲಿಯಾದ ನಿಶ್ಚಲನನ್ನು
ಪರೀಕ್ಷೆ ಮುಗಿಯುವವರೆಗೂ
ಸತ್ತ ಹುಲಿ ಎಂದೇ ಕರೆದರು.

ಹಾಗಾಗಿ ಕೊನೆಯ ಸಾಲಿಗೆ ಕೈ ತೋರಿಸಿದೆ.
ಕಾಫಿ ಕೊಯ್ಲಿಗೆ ಅಸ್ಸಾಮಿನಿಂದ ಬಂದ ಹುಡುಗಿ.
ಹಾಜರಿ ಪುಸ್ತಕದಲ್ಲಿ ಅವಳ ಹೆಸರು
ಮೂರು ತಿಂಗಳಿಗೆ ಮೂರು ಥರ ಬರೆದಿದ್ದೇನೆ:
ಜಾನುಮಣಿ, ಜೂಮಣಿ, ಜುನ್‌ಮೋನಿ.
ಅವಳಿಗೆ ಬರುವ ಕನ್ನಡ:
ಸಾರ್, ನೀರು, ಒಂದಕ್ಕೆ, ಇನ್ನೊಂಚೂರು ಸಾಂಬಾರು.

ಅಡುಗೆಯ ಗಂಗಕ್ಕ ಅರಿಶಿನ ಕಲಸಿ ಕೊಟ್ಟಳು,
ಒಲೆಯ ಇದ್ದಿಲಲ್ಲಿ ಪಟ್ಟೆ ಎಳೆದಳು.
ಬೇರೆ ಹುಲಿಗಳೆಲ್ಲ ಗರ್ಜಿಸುತ್ತ ಬರುತ್ತಿದ್ದವು,
ಇವಳು ಸದ್ದೇ ಮಾಡಲಿಲ್ಲ.
ಹೊಟ್ಟೆ ನೆಲಕ್ಕೆ ತಾಗಿಸಿ, ಭುಜ ಒಂದೊಂದೇ ಎತ್ತಿ,
ಬೆಂಚುಗಳ ನಡುವೆ ಬಂದಳು.
ಕೋಣೆ ಉಸಿರು ಹಿಡಿಯಿತು.
ಇವಳು ಕಂಡಿದ್ದಾಳೆ, ಅನ್ನಿಸಿತು ನನಗೆ.

ಹೊಯ್ ಸಳ! ಎಂದ ಮಫ್ಲರು.
ಸಳ ಮರದ ಸ್ಕೇಲು ಬೀಸಿದ.
ಅವಳು ಸರಿದಳು.
ಸ್ಕೇಲು ಡೆಸ್ಕಿಗೆ ಬಡಿದು ಎರಡಾಯಿತು.
ಹೊಯ್!
ಮತ್ತೆ ಸರಿದಳು.
ಸಾಯಬೇಕು ಕಣೇ! ಮಲಕ್ಕೊಳೇ!
ಹದಿನಾರು ಬಾಯಿ ಒಟ್ಟಿಗೆ ಕೂಗಿದವು.
ಅವಳು ನನ್ನ ಮುಖ ನೋಡಿದಳು,
ಬಾಘ್, ಎಂದಳು,
ಇಲ್ಲ ಎಂದು ತಲೆಯಾಡಿಸಿದಳು,
ನಾಲ್ಕು ಕಾಲಲ್ಲೇ ಬಾಗಿಲು ದಾಟಿ
ನಲ್ಲಿಯ ಕೆಳಗೆ ಬಾಯಿಟ್ಟು ನೀರು ಕುಡಿದಳು.

ಈಗೇನು ಸಾರ್?
ಹುಲಿ ಸಾಯದಿದ್ದರೆ ರಾಜ್ಯ ಹೇಗೆ?
ಬೇಲೂರು ಇರಲ್ವಾ?
ಅಲ್ಲಿ ನಾವು ಟೂರು ಹೋಗಿದ್ದು?
ಕೊನೆಗೆ ತನ್ವಿತ, ಮೆಲ್ಲಗೆ:
ಅದು ನಿಜವಾಗಲೂ ನಡೆದಿತ್ತಾ ಸಾರ್?

ಹನ್ನೊಂದು ವರ್ಷದಲ್ಲಿ
ಯಾರೂ ಕೇಳಿರಲಿಲ್ಲ. ನಾನೂ ಕೇಳಿಕೊಂಡಿರಲಿಲ್ಲ.
ಗೊತ್ತಿಲ್ಲ ಮಗಾ, ಅಂದೆ.
ಹಲಗೆಯ ನಡುವೆ ಗೆರೆ ಎಳೆದೆ.
ಒಂದು ಕಡೆ: ಕಲ್ಲಿನಲ್ಲಿದೆ.
ಇನ್ನೊಂದು ಕಡೆ: ಹೇಳುತ್ತಾರೆ.
ದೇವಸ್ಥಾನ ಆ ಕಡೆ, ರಾಜರ ಹೆಸರು ಆ ಕಡೆ,
ಹೊಯ್ ಎಂಬ ಕೂಗು ಈ ಕಡೆ.
ಕಲ್ಲಿನಲ್ಲೂ ಹುಲಿ ಇದೆಯಲ್ಲ, ಎಂದ ನಿಶ್ಚಲ.
ಸೀಮೆಸುಣ್ಣ ಗೆರೆಯ ಮೇಲೆಯೇ ನಿಂತಿತು.
ನಮ್ಮಜ್ಜಿಗೆ ಅಜ್ಜಿ ಇರಲಿಲ್ಲ ಅನ್ನೋದು?
ಅದೂ ಈ ಕಡೆಯೇ, ಅಂದೆ.
ತನ್ವಿತಳಿಗೆ ಸಿಟ್ಟು ಬಂತು.

ಫೆಬ್ರವರಿಯಲ್ಲಿ ಕೊಯ್ಲು ಮುಗಿಯಿತು.
ಲೈನಿನ ಎರಡು ಮನೆಗೆ ಬೀಗ.
ಅವಳ ಹೆಸರಿನ ಮುಂದೆ
ಹದಿನಾಲ್ಕನೇ ತಾರೀಖಿನಿಂದ ಖಾಲಿ ಚೌಕ.
ಊರು ಯಾವುದೆಂದು ಬರೆದುಕೊಂಡಿರಲಿಲ್ಲ,
ಅಸ್ಸಾಂ ಎಂದಷ್ಟೇ ಇದೆ.

ಇಂದು ಉತ್ತರಪತ್ರಿಕೆ ತಿದ್ದುತ್ತಿದ್ದೇನೆ.
ಬಿಟ್ಟ ಸ್ಥಳ ತುಂಬಿ: ಹುಲಿಯನ್ನು ಕೊಂದವನು ______.
ಗೆರೆ ಸಾಲದೆ ಅಂಚಿನವರೆಗೂ ಬರೆದಿದ್ದಾಳೆ ತನ್ವಿತ:
ಯಾರೂ ಇಲ್ಲ. ಅದು ನೀರು ಕುಡಿಯಲು ಹೋಯಿತು.
ಕಲ್ಲಿನಲ್ಲಿಲ್ಲ, ನಾನೇ ನೋಡಿದ್ದೇನೆ.

ಉತ್ತರಸೂಚಿಯಲ್ಲಿ ಸಳ ಎಂದಿದೆ, ಒಂದು ಅಂಕ.
ಕೆಂಪು ಪೆನ್ನಿನ ಮುಚ್ಚಳ ತೆಗೆದು
ಕೂತೇ ಇದ್ದೇನೆ.